ಶಿವನಿ ಸ್ಟೇಷನ್ನಿನ ದೀಪಾವಳಿ

ಹಬ್ಬದ ಹಿಂದಿನ ದಿನ ಹಿಟ್ಟಿನ ಗಿರಣಿಗೆ ಯಾರೂ ಬೀಗ ಹಾಕುವುದಿಲ್ಲ. ಕಡುಬಿಗೆ ಅಕ್ಕಿ ತರಿ, ಚಕ್ಕುಲಿಗೆ ಹಿಟ್ಟು ಎಂದು ಬೆಳಗಾಗುವ ಮೊದಲೇ ಹೆಂಗಸರು ಡಬ್ಬ ಹಿಡಿದು ಸಾಲುಗಟ್ಟುತ್ತಾರೆ. ಆದರೂ ಆ ವರ್ಷ ನೀರು ತುಂಬುವ ಹಬ್ಬದ ಬೆಳಿಗ್ಗೆ ನಾನು ಕಡೂರಿನ ನಮ್ಮ ಗಿರಣಿಗೆ ಬೀಗ ಹಾಕಿ, ಎರಡು ಕೈಚೀಲ ಹಿಡಿದು ರೈಲ್ವೆ ಸ್ಟೇಷನ್ನಿನ ದಾರಿ ಹಿಡಿದೆ. ಎದುರಿಗೆ ಬಂದ ಗಿರಾಕಿಯೊಬ್ಬಳು, "ಏನಮ್ಮಾ ಲಲಿತಮ್ಮ, ಹಬ್ಬದ್ ದಿನ್ವೇ ಬಾಗ್ಲಾಕ್ಕೊಂಡ್ ಹೋಯ್ತಿದ್ದೀಯಲ್ಲ, ನಮ್ ಗತಿ ಏನು?" ಎಂದು ರೇಗಿದಳು. "ಇವತ್ತೊಂದಿನ ಬೇರೆ ಗಿರಣೀಗೆ ಹೋಗ್ರವ್ವ, ನನ್ಗೆ ಇದಕ್ಕಿಂತ ದೊಡ್ಡ ಕೆಲ್ಸ ಐತೆ" ಎಂದು ಹೇಳಿ ನಾನು ನಿಲ್ಲದೆ ನಡೆದೆ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆ ದೊಡ್ಡ ಕೆಲಸ ಯಾವುದೆಂದು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಯಜಮಾನರು ಚಂದ್ರಪ್ಪ ಎಣ್ಣೆ ಮಿಲ್ಲೊಂದರಲ್ಲಿ ಆಪರೇಟರ್ ಆಗಿದ್ದರು. ಆ ಮಿಲ್ಲು ನಿಂತುಹೋಯಿತು. ಅದೇ ವರ್ಷ ಅವರಿಗೆ ಕ್ಷಯ ಅಂಟಿತು. ನಾವಿದ್ದದ್ದು ಸ್ಟೇಷನ್ನಿನ ಹಿಂದಿನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. "ಮಕ್ಕಳನ್ನ ಹತ್ತಿರ ಬಿಡಬೇಡಿ" ಎಂದರು ಡಾಕ್ಟರು. ಒಂದೇ ಕೋಣೆಯಲ್ಲಿ ಹತ್ತಿರ ಯಾವುದು, ದೂರ ಯಾವುದು? ಮಗಳು ಸುಮಾಳಿಗೆ ಆಗ ನಾಲ್ಕು ವರ್ಷ. ಮಗ ಮಂಜ ಇನ್ನೂ ಎದೆಹಾಲು ಕುಡಿಯುವ ಕೂಸು. ನನಗೆ ತವರೆಂಬುದು ಇಲ್ಲ; ತಂದೆ ತಾಯಿ ಇಬ್ಬರೂ ನನ್ನ ಮದುವೆಗೆ ಮುಂಚೆಯೇ ಹೋಗಿದ್ದರು. ಆಗ ಎದುರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಪಾರ್ವತಕ್ಕ ತಾವಾಗಿಯೇ ಬಂದು ಬಾಗಿಲಲ್ಲಿ ನಿಂತರು. ಅವರ ಗಂಡ ಹನುಮಂತಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ರೈಲು ಹಳಿ ಬದಲಿಸುವ, ಬಾವುಟ ತೋರಿಸುವ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. "ಮಗೂನ ನಂಗೆ ಕೊಡೇ ಲಲಿತ. ಚಂದ್ರಣ್ಣಂಗೆ ವಾಸಿಯಾಗೋಗಂಟ ನಾನ್ ನೋಡ್ಕತೀನಿ" ಎಂದರು. ನಾನು ಕೊಟ್ಟೆ. ಮರುವರ್ಷ ಹನುಮಂತಣ್ಣನಿಗೆ ಶಿವನಿ ಸ್ಟೇಷನ್ನಿಗೆ ವರ್ಗವಾಯಿತು. ಮಗಳೂ ಅವರ ಜೊತೆ ಹೋದಳು.

ಆಮೇಲಿನ ವರ್ಷಗಳಲ್ಲಿ ದೀಪಾವಳಿ ಬಂದರೆ ನನಗೆ ಸಂತೋಷವಾಗುವ ಬದಲು ಸಿಟ್ಟು ಬರುತ್ತಿತ್ತು. ಹೋಟೆಲಿನ ಪಾತ್ರೆ ತಿಕ್ಕಿ, ಕಡಲೆಕಾಯಿ ಸುಲಿದು, ಮಂಜನನ್ನು ಬೆನ್ನಿಗೆ ಕಟ್ಟಿಕೊಂಡು ಮನೆ ಮನೆ ಕೆಲಸ ಮಾಡಿ ನಾನು ಹಿಂದಿರುಗುವಾಗ ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದೆ. ವರ್ಷಕ್ಕೆ ಒಂದೋ ಎರಡೋ ಸಲ ಶಿವನಿಗೆ ಹೋಗಿ ಮಗಳ ಮುಖ ನೋಡಿ ಅದೇ ದಿನದ ಗಾಡಿಗೆ ವಾಪಸಾಗುತ್ತಿದ್ದೆ. ನಮ್ಮನ್ನು ಎತ್ತಿ ನಿಲ್ಲಿಸಿದ್ದು, ಯಜಮಾನರನ್ನು ಮಿಲ್ಲಿನ ದಿನಗಳಿಂದ ಬಲ್ಲ ತರೀಕೆರೆಯ ಮಲ್ಲೇಶಪ್ಪ ಸಾಹುಕಾರರ ಹಳೆಯ ಹಿಟ್ಟಿನ ಮೆಷಿನ್ನು. ಅವರು ಹೊಸದನ್ನು ಹಾಕಿಸಿದಾಗ ಹಳೆಯದನ್ನು ನಮಗೆ ಕೊಟ್ಟರು, ದುಡಿದು ತೀರಿಸಿ ಎಂದರು, ನಡೆಸುವುದನ್ನು ನನಗೇ ಕಲಿಸಿದರು. ಹಿಟ್ಟಿನ ಧೂಳು ಯಜಮಾನರ ಎದೆಗೆ ಆಗುವುದಿಲ್ಲವಾದ್ದರಿಂದ ಮೆಷಿನ್ನಿನ ಬಳಿ ನಾನು, ಹೊರಗೆ ತಕ್ಕಡಿಯ ಬಳಿ ಅವರು.

ಆ ವರ್ಷ ಸಾಲ ತೀರಿತು. ಡಾಕ್ಟರು ಯಜಮಾನರ ಔಷಧಿ ನಿಲ್ಲಿಸಿದರು. ಎರಡು ಕೋಣೆಯ ಮನೆಗೆ ಬಂದೆವು. ಈ ದೀಪಾವಳಿಗೆ ಸಾಹುಕಾರರ ಮನೆಗೂ ಪಾರ್ವತಕ್ಕನ ಮನೆಗೂ ನಾನೇ ಹೋಗಿ ಕೈ ಮುಗಿದು, ಮಗಳನ್ನು ಕರೆದುಕೊಂಡು ಬರುವುದೆಂದು ನಿಶ್ಚಯಿಸಿದೆ. ಕೈ ಮುಗಿಯುವುದು, ಕರೆದು ತರುವುದು, ಎರಡೂ ನನ್ನ ಮನಸ್ಸಿನಲ್ಲಿ ಒಂದೇ ಕೆಲಸವಾಗಿತ್ತು.

"ನೆಟ್ಟಗೆ ಬೀರೂರು, ಅಜ್ಜಂಪುರ, ಶಿವನಿ ಅಂತ ಒಂದೇ ಗಾಡೀಲಿ ಹೋಗ್ಬೋದಲ್ಲ. ತರೀಕೆರೆ ಸುತ್ತು ಯಾಕೆ ಹಬ್ಬದ ನೂಕುನುಗ್ಗಲಲ್ಲಿ?" ಎಂದರು ಯಜಮಾನರು.

"ಮೊದ್ಲು ಸಾಹುಕಾರ್ರ ಮನೆ. ಅವ್ರು ಕೊಡ್ದೆ ಇದ್ದಿದ್ರೆ ಇವತ್ತು ಮಗೂನ ಕರ್ಕೊಂಬಾ ಅನ್ನೋಕೆ ನಮ್ಗೆ ಬಾಯಿರ್ತಿತ್ತಾ?" ಎಂದೆ. ಅವರು ಮಂಜನ ಕೈ ಹಿಡಿದು ಮನೆಯಲ್ಲೇ ಉಳಿದರು.

ಕಡೂರಿನಿಂದ ಬೀರೂರಿಗೆ ಕಾಲು ಗಂಟೆಯ ದಾರಿ. ಅಲ್ಲಿ ಇಳಿದು ಶಿವಮೊಗ್ಗದ ಗಾಡಿಗೆ ಕಾಯಬೇಕು. ಪ್ಲಾಟ್‌ಫಾರಂ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ಹೊಸ ಸೀರೆಯ ಗಂಜಿಯ ವಾಸನೆ, ಟ್ರಂಕುಗಳ ಮೇಲೆ ಕುಳಿತ ಮಕ್ಕಳು. ಹಿಂದಿನ ವರ್ಷಗಳಲ್ಲಿ ಆ ನೋಟ ಕಂಡರೆ ಮುಖ ತಿರುಗಿಸುತ್ತಿದ್ದೆ. ಆ ದಿನ ನಾನೂ ಒಂದು ವಡೆ, ಒಂದು ಕಾಫಿ ತೆಗೆದುಕೊಂಡು ಅವರ ನಡುವೆಯೇ ಕುಳಿತು ತಿಂದೆ. ಗಾಡಿ ಬಂದಾಗ ಮೊಣಕೈ ಚಾಚಿ ಹತ್ತಿದೆ. ಕಿಟಕಿಯಿಂದ ಇಂಜಿನ್ನಿನ ಕಲ್ಲಿದ್ದಲ ಪುಡಿ ಬಂದು ಕಣ್ಣಿಗೆ ಬೀಳುತ್ತಿತ್ತು. ಹೊರಗೆ ತೆನೆ ಕಟ್ಟಿದ ರಾಗಿ ಹೊಲಗಳು, ಅವುಗಳ ನಡುವೆ ಸಾಲು ಸಾಲು ಹುಚ್ಚೆಳ್ಳಿನ ಹಳದಿ ಹೂ. ತರೀಕೆರೆ ಹತ್ತಿರವಾದಂತೆ ತೋಟಗಳು ಬಂದವು. ಪಡುವಣಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು ಮೋಡ ಹೊದ್ದು ನಿಂತಿದ್ದವು. ಸಣ್ಣಗೆ ಹನಿಯುತ್ತಿತ್ತು.

ಮಲ್ಲೇಶಪ್ಪನವರ ಗಿರಣಿ ಪೇಟೆಯ ಒಳಗಡೆ. ನಾನು ಹೋದಾಗ ಅವರು ಹೊರಗೆ ಕುರ್ಚಿಯ ಮೇಲೆ ಕುಳಿತು ಗಿರಾಕಿಗಳನ್ನು ಗದರುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಹುಬ್ಬಿನ ಮೇಲೂ ಹಿಟ್ಟು. ನಾನು ಡಬ್ಬದಿಂದ ತೆಗೆದ ಕಜ್ಜಾಯ, ಒಂದು ಪಂಚೆ, ವೀಳ್ಯದೆಲೆ ಅಡಿಕೆ ಇಟ್ಟು ಕಾಲಿಗೆ ಬೀಳಲು ಬಗ್ಗಿದೆ.

"ಏಳಮ್ಮಾ ಏಳು. ಮೆಷಿನ್ ಹೆಂಗೈತೆ?"

"ಚೆನ್ನಾಗೈತೆ ಸಾಹುಕಾರ್ರೆ. ನೀವು ಮಾಡಿದ ಉಪಕಾರ..."

"ಬೀಸೋ ಕಲ್ಲು ಕೊಚ್ಚಿಸಿದ್ಯಾ? ಹಬ್ಬದ ಮುಂದೆ ಕೊಚ್ಚಿಸ್ಬೇಕು ಅಂದಿದ್ನಲ್ಲ."

"ಕೊಚ್ಚಿಸ್ದೆ. ನಾನು ಹೇಳೋಕೆ ಬಂದಿದ್ದು ಏನಂದ್ರೆ, ಆ ಕಷ್ಟದಲ್ಲಿ ನೀವು..."

"ಬೆಲ್ಟು?"

"ಹೊಸ್ದು ಹಾಕ್ಸಿದೀನಿ."

"ಹಂಗಾದ್ರೆ ಸರಿ" ಎಂದು ಅವರು ಗಿರಾಕಿಗಳತ್ತ ತಿರುಗಿಬಿಟ್ಟರು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದ ಮಾತು ಬಾಯಲ್ಲೇ ಉಳಿಯಿತು. ಒಳಗಿನಿಂದ ಅವರ ಹೆಂಡತಿ ನಗುತ್ತಾ ಬಂದು ನನ್ನನ್ನು ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದರು. "ಅವರಿಗೆ ಹೊಗಳಿದ್ರೆ ಮೈ ಪರಚ್ಕೊಳ್ಳೋ ಹಂಗಾಗುತ್ತೆ ಕಣಮ್ಮಾ. ಆದ್ರೆ ಬಂದೋರಿಗೆಲ್ಲ, ಕಡೂರಲ್ಲಿ ಒಬ್ಳು ಹೆಣ್ಮಗಳು ನನ್ ಮೆಷಿನ್ ಓಡಿಸ್ತಾವ್ಳೆ ಅಂತ ಹೇಳ್ಕೊಂಡ್ ತಿರುಗ್ತಾರೆ" ಎಂದರು. ಬಿಸಿ ಅನ್ನ, ಹುರುಳಿ ಸಾರು, ಮೇಲೆ ಗಟ್ಟಿ ಮೊಸರು. ಮುಂದೆ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಬಡಿಸುವ ಸೌಟನ್ನು ಪಾತ್ರೆಗೇ ಇಳಿಸಿ, "ಮಗು ಒಪ್ಪುತ್ತಾ?" ಎಂದರು.

"ಹೆತ್ತ ತಾಯಿ ಕರೆದ್ರೆ ಒಪ್ಪಲ್ವಾ?" ಎಂದೆ. ಅವರು ಇನ್ನೊಂದು ಸೌಟು ಮೊಸರು ಬಡಿಸಿದರು. ಹೊರಡುವಾಗ ಕುಂಕುಮ ಕೊಟ್ಟರು.

ತರೀಕೆರೆಯಿಂದ ಅಜ್ಜಂಪುರದ ಬಸ್ಸು ಆಗಲೇ ತುಂಬಿ ಬಾಗಿಲಿಗೆ ಜನ ಜೋತುಬಿದ್ದಿದ್ದರು. ಕಂಡಕ್ಟರು "ಜಾಗ ಇಲ್ಲ, ಮುಂದಿನ್ ಬಸ್ಸಿಗೆ ಬನ್ನಿ" ಎಂದ. ಮುಂದಿನ ಬಸ್ಸು ಹಿಡಿದರೆ ಅಜ್ಜಂಪುರದಲ್ಲಿ ಸಂಜೆಯ ಪ್ಯಾಸೆಂಜರ್ ತಪ್ಪುತ್ತದೆ. ಚೀಲಗಳನ್ನು ಕಿಟಕಿಯೊಳಗೆ ಯಾರದೋ ಮಡಿಲಿಗೆ ಹಾಕಿ ಮೆಟ್ಟಿಲೇರಿದೆ. "ಚೀಲ ಒಳಗ್ ಹೋಯ್ತು, ಇನ್ ನನ್ ಬಿಟ್ ಹೋಗಂಗಿಲ್ಲ" ಎಂದಾಗ ಅವನೇ ನಕ್ಕು ಟಿಕೆಟ್ ಹರಿದ. ಅಷ್ಟು ಹಟ ಮಾಡಿ ಹತ್ತಿದ್ದಕ್ಕೆ ಆ ಬಸ್ಸು ಅರ್ಧ ದಾರಿಯಲ್ಲಿ ಟೈರು ಪಂಕ್ಚರಾಗಿ ನಿಂತಿತು. ತೋಟಗಳ ನೆರಳು ಹಿಂದೆ ಉಳಿದು ಬಯಲು ಶುರುವಾಗುವ ಜಾಗ. ಟೈರು ಬದಲಿಸಿ ಅಜ್ಜಂಪುರ ಮುಟ್ಟಿದಾಗ ಪ್ಯಾಸೆಂಜರ್ ಹೊರಟುಹೋಗಿತ್ತು. ಸ್ಟೇಷನ್ನಿನಲ್ಲಿ ಅದರ ಹೊಗೆ ಮಾತ್ರ ಇನ್ನೂ ತೇಲುತ್ತಿತ್ತು.

ಅಜ್ಜಂಪುರದ ಪೇಟೆಯಲ್ಲಿ ಈರುಳ್ಳಿಯ ರಾಶಿಗಳು. ಅಂಗಡಿಯವನೊಬ್ಬ, "ಬೆಳಗ್ಗೆ ಹೋಗ್ರಮ್ಮ, ಛತ್ರ ಐತೆ" ಎಂದ. ನನಗೆ ಬೆಳಗಿನ ಎಣ್ಣೆ ನೀರಿನ ಹೊತ್ತಿಗೆ ಮಗಳ ಹತ್ತಿರ ಇರಬೇಕಿತ್ತು. ಆರು ವರ್ಷ ನಾನು ಅವಳ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಮಂಡಿಯ ಮುಂದೆ ಈರುಳ್ಳಿ ಇಳಿಸಿ ಖಾಲಿಯಾದ ಟ್ರಾಕ್ಟರ್ ಒಂದು ಹೊರಡಲು ನಿಂತಿತ್ತು. ಟ್ರೈಲರಿನಲ್ಲಿ ಆಗಲೇ ನಾಲ್ಕಾರು ಹೆಂಗಸರಿದ್ದರು. "ಶಿವನಿ ಕಡೆಗಾ?" ಎಂದು ಕೇಳಿದೆ. "ಅಲ್ಲಿಗೇ ಕಣಕ್ಕ, ಹತ್ತು. ಗೋಣಿಚೀಲದ್ ಮ್ಯಾಲ್ ಕೂತ್ಕ, ಇಲ್ದಿದ್ರೆ ಸೊಂಟ ಬಿದ್ದೋಯ್ತದೆ" ಎಂದ ಡ್ರೈವರ್. ಸೊಂಟ ಅರ್ಧ ಬಿದ್ದೇಹೋಯಿತು. ಆದರೂ ದೀಪ ಹಚ್ಚುವ ಹೊತ್ತಿಗೆ, ಸೀರೆಯೆಲ್ಲ ಈರುಳ್ಳಿ ವಾಸನೆ ಮಾಡಿಕೊಂಡು, ನಾನು ಶಿವನಿ ಸ್ಟೇಷನ್ನಿನ ಮುಂದೆ ಇಳಿದೆ. ಟ್ರಾಕ್ಟರಿನವನು ಬಾಡಿಗೆ ಬೇಡವೆಂದ. ಎರಡು ಕಜ್ಜಾಯ ತೆಗೆದುಕೊಂಡ.

ಶಿವನಿಯ ಸ್ಟೇಷನ್ ಚಿಕ್ಕದು. ಒಂದು ಕಟ್ಟಡ, ಪ್ಲಾಟ್‌ಫಾರಮ್ಮಿನ ಕೊನೆಗೆ ಹುಣಸೆಮರ, ಅದರಾಚೆ ಒಂದೇ ಬಣ್ಣದ ಕ್ವಾರ್ಟರ್ಸುಗಳು. ಪಾರ್ವತಕ್ಕ ಬಚ್ಚಲ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದರು. ಸುಮ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. ಎತ್ತರವಾಗಿದ್ದಳು, ನನ್ನ ಭುಜ ಮುಟ್ಟುವಷ್ಟು. "ಅವ್ವಾ, ಕಡೂರಮ್ಮ ಬಂದ್ರು" ಎಂದು ಕೂಗಿ, ನನಗೆ ಕುಡಿಯಲು ನೀರು ತಂದಿಟ್ಟು, ನೆಂಟರ ಮುಂದೆ ನಿಲ್ಲುವ ಹಾಗೆ ಗೋಡೆಗೆ ಒರಗಿ ನಿಂತಳು. ಅವಳಿಗೆ ಪಾರ್ವತಕ್ಕ ಅವ್ವ. ನಾನು ಕಡೂರಮ್ಮ.

ಪಾರ್ವತಕ್ಕ ನನ್ನ ಚೀಲ ನೋಡಿದರು. ಒಂದರಲ್ಲಿ ನನ್ನದೊಂದು ಸೀರೆ, ಅವರಿಗೂ ಹನುಮಂತಣ್ಣನಿಗೂ ತಂದ ಬಟ್ಟೆ, ಸುಮಾಳಿಗೆ ಲಂಗ ರವಿಕೆ. ಇನ್ನೊಂದರಲ್ಲಿದ್ದ ಕಜ್ಜಾಯದ ಡಬ್ಬ ತರೀಕೆರೆಯಲ್ಲೂ ದಾರಿಯಲ್ಲೂ ಹಗುರಾಗಿ ಚೀಲ ಹೆಚ್ಚುಕಡಿಮೆ ಖಾಲಿಯಾಗಿತ್ತು. ಒಬ್ಬಳು ಹುಡುಗಿಯ ಬಟ್ಟೆ ತುಂಬುವಷ್ಟು ಜಾಗ. ಪಾರ್ವತಕ್ಕ ಅದನ್ನು ಮಡಚಿ ಗೂಟಕ್ಕೆ ನೇತುಹಾಕಿ, "ಕಾಲ್ ತೊಳ್ಕೊ ಬಾ, ಊಟ ಮಾಡನ" ಎಂದರು.

ಬೆಳಿಗ್ಗೆ ನೀರು ಕಾದಾಗ ಪಾರ್ವತಕ್ಕ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಈ ಸಲ ನೀನ್ ಹಚ್ಚು" ಎಂದು ಹೊರಗೆ ಹೋದರು. ಮಣೆಯ ಮೇಲೆ ಕುಳಿತ ಮಗಳ ನೆತ್ತಿಗೆ ಎಣ್ಣೆ ಒತ್ತಿದೆ. ಅವಳ ಬೆನ್ನು ಬಿಗಿಯಾಗಿತ್ತು. ನೀರು ಹಾಕುವಾಗ "ಬಿಸಿಯಾ?" ಎಂದರೆ "ಇಲ್ಲ" ಎಂದಳು, ಮೈ ಕೆಂಪಗಾಗಿದ್ದರೂ ಇಲ್ಲ ಎಂದೇ ಹೇಳಿದಳು. ಆಮೇಲೆ ಲಂಗ ರವಿಕೆ ತೊಡಿಸಿದೆ. ರವಿಕೆ ತೋಳಿನಲ್ಲಿ ಸಿಕ್ಕಿಕೊಂಡಿತು, ಲಂಗ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಂತಿತು. ಅಳತೆಗೆ ನಾನು ಕಡೂರಿನಲ್ಲಿ ಪಕ್ಕದ ಮನೆಯ ಹುಡುಗಿಯನ್ನು ನಿಲ್ಲಿಸಿದ್ದೆ. ಪಾರ್ವತಕ್ಕ ಒಳಗೆ ಬಂದವರು ಲಂಗದ ಅಂಚು ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನು ಇಳಿಸಿ, ಕಂಕುಳ ಹೊಲಿಗೆ ಸಡಿಲಿಸಿ, ಕೂತಲ್ಲೇ ಕೈಹೊಲಿಗೆ ಹಾಕಿದರು. ಸರಿಯಾಯಿತು. ನಾನು ಒಲೆಯ ಮುಂದೆ ಕುಳಿತು ಒಬ್ಬಟ್ಟು ತಟ್ಟತೊಡಗಿದೆ. ಎದ್ದು ಹೋಗಿ ಅಳುವ ಮನಸ್ಸಾಗಿತ್ತು, ಅಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಹನುಮಂತಣ್ಣ ಡ್ಯೂಟಿಯಿಂದ ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇನ್ನು ತಡಮಾಡಬಾರದೆಂದು ನಾನು ಇಬ್ಬರ ಮುಂದೆಯೂ ಸೆರಗು ಒಡ್ಡಿ ಕುಳಿತೆ.

"ಅಕ್ಕಾ, ಅಣ್ಣಾ, ನೀವ್ ಮಾಡಿದ್ದನ್ನ ನಾನು ಬಾಯಲ್ಲಿ ಹೇಳಕ್ಕಾಗಲ್ಲ. ದೇವ್ರು ನಮ್ಗೆ ಒಂದು ದಾರಿ ಮಾಡ್ದ. ಅವ್ರಿಗೂ ವಾಸಿಯಾಯ್ತು. ಮಗೂನ ಕರ್ಕೊಂಡ್ ಹೋಗೋಕೆ ಬಂದಿದೀನಿ."

ಪಾರ್ವತಕ್ಕ ಎದ್ದು ಅಡುಗೆಮನೆಗೆ ಹೋದರು. ಪಾತ್ರೆ ತೊಳೆಯುವ ಸದ್ದು ಕೇಳಿತು. ಪಾತ್ರೆಗಳನ್ನು ನಾನು ಆಗಲೇ ತೊಳೆದಿಟ್ಟಿದ್ದೆ.

ಹನುಮಂತಣ್ಣ ಅಡುಗೆಮನೆಯತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು. "ಅವ್ಳಿಗೆ ಗೊತ್ತಿತ್ತು ಕಣಮ್ಮ. ಚಂದ್ರಣ್ಣಂಗೆ ವಾಸಿಯಾಯ್ತು ಅಂತ ನೀನ್ ಹೇಳ್ ಕಳಿಸಿದ್ ದಿನದಿಂದ ಮಗೂನ ಬಟ್ಟೆ ಒಗ್ಯೋದು, ಹೊಲ್ಯೋದು, ಮಡಚಿಡೋದು ಇದೇ ಆಗೈತೆ. ಯಾವತ್ ಬಂದ್ರೂ ಕಳಿಸ್ಬೇಕು ಅಂತವ್ಳೆ. ನಿನ್ ಮಗು, ನೀನ್ ಕರ್ಕೊಂಡ್ ಹೋಗು. ನಾವ್ ಬ್ಯಾಡ ಅನ್ನಲ್ಲ."

ಬಾಗಿಲ ಬಳಿ ಸದ್ದಾಯಿತು. ಸುಮ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಾನ್ ಬರಲ್ಲ" ಎಂದಳು. ದನಿ ಏರಿಸಲಿಲ್ಲ. ತಿರುಗಿ ಹೊರಗೆ ಓಡಿದಳು.

ನಾನು ಹಿಂದೆಯೇ ಹೋದೆ. ಪ್ಲಾಟ್‌ಫಾರಮ್ಮಿನ ಕೊನೆಯ ಹುಣಸೆಮರದ ಬೇರಿನ ಮೇಲೆ ಕುಳಿತಿದ್ದಳು. ಮೋಡ ಚದುರಿ ಬಿಸಿಲು ಬಂದಿತ್ತು. ಹಳಿಗಳಾಚೆ ಮೆಣಸಿನಗಿಡದ ಹೊಲ. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಬುದ್ಧಿ ಹೇಳಬೇಕೆಂದು ಬಂದಿದ್ದೆ. ಅವಳೇ ಮೊದಲು ಕೇಳಿದಳು.

"ಮಂಜೂನ ಯಾಕೆ ಇಟ್ಕೊಂಡ್ರಿ?"

ಈ ಪ್ರಶ್ನೆಯನ್ನು ಅವಳು ಎಷ್ಟು ವರ್ಷದಿಂದ ಒಳಗಿಟ್ಟುಕೊಂಡಿದ್ದಳೋ. ಮಗು, ನಿನಗೆ ಅರ್ಥವಾಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

"ಅವ್ನು ಹಾಲ್ ಕುಡೀತಿದ್ದ ಕಣಮ್ಮ. ಬೇರೆಯೋರ್ ಹತ್ರ ಬಿಟ್ರೆ ಬದುಕ್ತಿರ್ಲಿಲ್ಲ. ಬೆನ್ನಿಗೆ ಕಟ್ಕೊಂಡು ಕೆಲ್ಸಕ್ಕೆ ಹೋಗ್ತಿದ್ದೆ. ನಿಮ್ಮಪ್ಪ ಮೂಲೇಲಿ ಮಲ್ಗಿ ಕೆಮ್ಮೋರು. ನಿನ್ಗೆ ಆಗ ನಾಕು ವರ್ಷ. ನೀನು ಓಡೋಡಿ ಅವ್ರ ತೊಡೆ ಮೇಲೆ ಹೋಗಿ ಕೂತ್ಕೋತಿದ್ದೆ. ಎಷ್ಟ್ ಸಲ ಎಳ್ಕೊಂಡ್ ಬಂದ್ರೂ ಮತ್ತೆ ಹೋಗ್ತಿದ್ದೆ. ನಿಂಗೂ ಆ ಕಾಯಿಲೆ ಬರುತ್ತೆ ಅಂತ ನಂಗೆ ಹೆದ್ರಿಕೆ. ನೀನು ಬೇಡ ಅಂತ ಕೊಡ್ಲಿಲ್ಲ. ಉಳೀಲಿ ಅಂತ ಕೊಟ್ಟೆ."

ಅವಳು ಕಾಲಿನ ಬೆರಳಿನಿಂದ ಮಣ್ಣು ಕೆದಕಿದಳು. "ನಾನು ಅಪ್ಪನ್ ತೊಡೆ ಮೇಲೆ ಕೂತ್ಕೋತಿದ್ನಾ?" ಎಂದಳು.

"ದಿನಾ."

"ನಂಗೆ ನೆಪ್ಪೇ ಇಲ್ಲ." ಆಮೇಲೆ ಕ್ವಾರ್ಟರ್ಸಿನ ಕಡೆ ನೋಡಿ, "ನಾನ್ ಬಂದ್ರೆ ಅವ್ವ ಒಬ್ಳೇ ಆಗ್ತಾಳೆ. ಅಪ್ಪಾಜಿ ಡ್ಯೂಟಿಗೆ ಹೋದ್ರೆ ಮನೇಲಿ ಯಾರೂ ಇರಲ್ಲ" ಎಂದಳು. ಹನುಮಂತಣ್ಣನನ್ನು ಅವಳು ಅಪ್ಪಾಜಿ ಎನ್ನುತ್ತಿದ್ದಳು.

ಕಡೂರಿನಿಂದ ಹೊರಡುವಾಗ ನನ್ನ ಲೆಕ್ಕದಲ್ಲಿ ಪಾರ್ವತಕ್ಕನ ಋಣಕ್ಕೆ ಒಂದು ಒಳ್ಳೆಯ ಸೀರೆ ಇತ್ತು. ಹತ್ತು ವರ್ಷದ ಹುಡುಗಿ ಆ ಲೆಕ್ಕವನ್ನು ಒಂದೇ ಮಾತಿನಲ್ಲಿ ಅಳಿಸಿಹಾಕಿದಳು. ಅವಳಿಗೆ ಆ ಮನಸ್ಸು ಎಲ್ಲಿಂದ ಬಂತು? ಒಬ್ಬರು ಒಂಟಿಯಾಗುತ್ತಾರೆಂದು ಮರುಗುವ ಮಗುವನ್ನು ಬೆಳೆಸಿದ್ದು ಯಾರು? ನನ್ನ ಮಗಳನ್ನು ಪಾರ್ವತಕ್ಕ ಬರೀ ಉಣ್ಣಿಸಿ ಉಡಿಸಿ ಇಟ್ಟಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಲಿಲ್ಲ. ಆರು ವರ್ಷಗಳಲ್ಲಿ ಮೊದಲ ಬಾರಿಗೆ, ನಮಗೆ ಬಂದ ಕಷ್ಟದ ನಡುವೆಯೂ ನಾವು ಎಂಥ ಕೈಗೆ ಸಿಕ್ಕಿದೆವು ಎಂದು ಎದೆ ತುಂಬಿ ಬಂತು.

ಆದರೆ ಮಗಳನ್ನು ಬಿಟ್ಟು ಹೋಗುವ ಮನಸ್ಸು ನನಗಿರಲಿಲ್ಲ. ಅದನ್ನೂ ಅವಳಿಗೆ ಹೇಳಿದೆ. "ನಿನ್ನ ಎಳ್ಕೊಂಡ್ ಹೋಗಲ್ಲ. ಬಿಟ್ಟೂ ಹೋಗಲ್ಲ. ಶಾಲೆ ಶುರುವಾಗೋಕೆ ಇನ್ನೂ ಒಂದ್ ವಾರ ಐತೆ. ಈಗ ಬಂದು ಮನೆ ನೋಡು, ನಿಮ್ಮಪ್ಪನ್ನ ನೋಡು. ಆಮೇಲೆ ನಾನೇ ಕರ್ಕೊಂಬಂದು ಬಿಡ್ತೀನಿ, ಈ ವರ್ಷದ ಪರೀಕ್ಷೆ ಇಲ್ಲೇ ಬರಿ. ಬೇಸಿಗೇಲಿ ಬಾ. ಅವ್ವ ಒಬ್ಳೇ ಆಗದ ಹಂಗೆ ಏನ್ ಮಾಡ್ಬೇಕು ಅಂತ ನಾವಿಬ್ರೂ ಯೋಚ್ನೆ ಮಾಡನ."

ಅವಳು ಎದ್ದು, ಹೊಸ ಲಂಗಕ್ಕೆ ಮೆತ್ತಿದ ಮಣ್ಣನ್ನು ಕೊಡವಿ, ನನ್ನ ಮುಂದೆ ಮುಂದೆ ಮನೆಗೆ ನಡೆದಳು. ಸಂಜೆ ದೀಪ ಹಚ್ಚುವಾಗ ಪಾರ್ವತಕ್ಕನ ಕಿವಿಯಲ್ಲಿ ಏನನ್ನೋ ಬಹಳ ಹೊತ್ತು ಹೇಳುತ್ತಿದ್ದಳು.

ಹಬ್ಬದ ಕೊನೆಯ ದಿನ, ಬಲಿಪಾಡ್ಯಮಿ. ಪಾರ್ವತಕ್ಕ ಬೆಳಿಗ್ಗೆ ಎದ್ದು ಸಗಣಿಯ ಪುಟ್ಟ ಗೋಪುರಗಳನ್ನು ಮಾಡಿ, ಹುಚ್ಚೆಳ್ಳು ಹೂ, ಚೆಂಡುಹೂ ಸಿಕ್ಕಿಸಿ, ಹೊಸಿಲ ಎರಡು ಬದಿಯಲ್ಲೂ ಇಟ್ಟರು. ಪೂಜೆಯಾಯಿತು. ನಾನು ಹೊರಡಲು ಸಿದ್ಧಳಾದೆ. ಗಾಡಿ ಊಟದ ಹೊತ್ತಿನ ನಂತರ. ಆಗ ಪಾರ್ವತಕ್ಕ ಮಣೆ ಹಾಕಿ, "ಬಾ ಇಲ್ಲಿ, ಕೂತ್ಕೋ" ಎಂದರು.

ಕುಳಿತೆ. ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ, ರವಿಕೆ ಕಣ. ನನ್ನ ಸೆರಗು ಹರಡಿಸಿ ಬೊಗಸೆ ಬೊಗಸೆಯಾಗಿ ಸುರಿದರು. ಗಂಡನ ಮನೆಗೆ ಹೊರಟ ಮಗಳಿಗೆ ತವರಿನಲ್ಲಿ ಮಡಿಲು ತುಂಬುವುದನ್ನು ನಾನು ಬೇರೆಯವರ ಮನೆಗಳಲ್ಲಿ ನೋಡಿದ್ದೆ. ನನಗೆ ಯಾರೂ ತುಂಬಿರಲಿಲ್ಲ.

"ಅಕ್ಕಾ, ಇದೆಲ್ಲ ಯಾಕೆ..."

"ಅಕ್ಕ ಅನ್ಬೇಡ ಇನ್ಮೇಲೆ" ಎಂದರು ಪಾರ್ವತಕ್ಕ. ರಾತ್ರಿ ಅವರು ಅತ್ತಿದ್ದರೆಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನಿಂಗೆ ತವರಿಲ್ಲ. ನಂಗೆ ಮಗಳಿಲ್ಲ. ನಾನು ನಿನ್ ಮಗಳ್ನ ಸಾಕಿದೆ ಅಂತ ನೀನು ಕೈ ಮುಗೀತಾ ಕೂತಿದ್ರೆ ನಾವು ಯಾವತ್ತೂ ನೆಂಟ್ರಂಗೇ ಇರ್ಬೇಕಾಯ್ತದೆ. ಅದ್ ನಂಗ್ ಬ್ಯಾಡ. ನೀನು ನನ್ ಮಗಳಾಗು. ಇವ್ಳು ನನ್ ಮೊಮ್ಮಗಳಾಗ್ಲಿ. ಅಜ್ಜಿ ಮನೇಗೆ ರಜಾ ಬಂದಾಗೆಲ್ಲ ಬರ್ಲಿ. ದೀಪಾವಳಿಗೆ ನೀನು, ಚಂದ್ರಣ್ಣ, ಮಂಜ ಎಲ್ರೂ ಇಲ್ಲಿಗೇ ಬರ್ಬೇಕು. ತಪ್ಪಿಸಿದ್ರೆ ನಾನೇ ಬಂದು ಗಿರಣಿ ಬೀಗ ಹಾಕ್ಸಿ ಕರ್ಕೊಂಬತ್ತೀನಿ."

ಮಡಿಲಿನ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದು ಅವರ ಕಾಲಿಗೆ ಹಣೆ ಹಚ್ಚಿದೆ. ಸುಮ ಒಳಗಿನಿಂದ ತನ್ನ ಮಡಚಿದ ಬಟ್ಟೆಗಳನ್ನು ತಂದಳು. ಎಲ್ಲವನ್ನೂ ತರಲಿಲ್ಲ, ಒಂದು ವಾರಕ್ಕೆ ಬೇಕಾದಷ್ಟನ್ನು ಎಣಿಸಿ ತಂದು, ಉಳಿದದ್ದು ಇಲ್ಲೇ ಇರುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಇರಲಿ ಎಂದೆ.

ಕೌಂಟರಿನಲ್ಲಿ "ಕಡೂರಿಗೆ ಒಂದು ಫುಲ್ಲು, ಒಂದು ಹಾಫ್" ಎಂದು ಮೊದಲ ಬಾರಿಗೆ ಕೇಳಿದೆ. ಸ್ಟೇಷನ್ ಮಾಸ್ತರರು ಸುಮಾಳನ್ನು ನೋಡಿ, "ಏನಮ್ಮಾ, ನಮ್ಮ ಸ್ಟೇಷನ್ ಬಿಟ್ಟು ಹೋಗ್ತಿದೀಯಾ?" ಎಂದರು. "ವಾಪಸ್ ಬತ್ತೀನಿ ಸಾರ್, ಶುಕ್ರವಾರ" ಎಂದಳು ಅವಳು.

ಪಾರ್ವತಕ್ಕ ಪ್ಲಾಟ್‌ಫಾರಮ್ಮಿಗೆ ಬಂದು ಮಗುವಿನ ತಲೆ ಸವರಿ, ಗಾಡಿ ಬರುವ ಮೊದಲೇ ಮನೆಗೆ ತಿರುಗಿದರು. ಹನುಮಂತಣ್ಣ ಡ್ಯೂಟಿಯಲ್ಲಿದ್ದರು. ಗಾಡಿ ಹೊರಡಲು ಹಸಿರು ಬಾವುಟ ಹಿಡಿಯಬೇಕಾದವರು ಅವರೇ. ಕೊನೆಯ ಡಬ್ಬಿ ದಾಟುವವರೆಗೂ ಬಾವುಟ ಇಳಿಸುವಂತಿಲ್ಲ. ನಮ್ಮ ಡಬ್ಬಿ ಅವರೆದುರು ಹಾದುಹೋದಾಗ ಸುಮ "ಅಪ್ಪಾಜಿ!" ಎಂದು ಕೂಗಿದಳು. ಅವರು ತಲೆ ತಿರುಗಿಸಲಿಲ್ಲ. ಚಾಚಿದ ಕೈ ಒಂದಿಷ್ಟೂ ಅಲುಗಲಿಲ್ಲ. ತಿರುವಿನಲ್ಲಿ ಮರೆಯಾಗುವವರೆಗೂ ಆ ಹಸಿರು ಕಾಣುತ್ತಲೇ ಇತ್ತು.

ಅಜ್ಜಂಪುರದವರೆಗೆ ಸುಮ ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದಳು. ಅಲ್ಲಿ ಮಂಡಕ್ಕಿ ಕೊಂಡು ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ. ಮೆಣಸಿನಕಾಯಿ ತೆಗೆದು ಪಕ್ಕಕ್ಕಿಟ್ಟು ತಿನ್ನತೊಡಗಿದಳು. ಅವಳಿಗೆ ಖಾರ ಆಗುವುದಿಲ್ಲವೆಂದು ಆಗ ನನಗೆ ತಿಳಿಯಿತು. ತಿಳಿಯಬೇಕಾದದ್ದು ಇನ್ನೂ ಬೇಕಾದಷ್ಟಿದೆ, ಒಂದೊಂದಾಗಿ ತಿಳಿದುಕೊಳ್ಳುತ್ತೇನೆ ಎಂದುಕೊಂಡೆ. ಬೀರೂರು ಬರುವಷ್ಟರಲ್ಲಿ ಅವಳು ನನ್ನ ಮೈಗೆ ತಾಗದಂತೆ, ಆದರೆ ಪಕ್ಕದಲ್ಲೇ ನಿದ್ದೆ ಹೋಗಿದ್ದಳು. ಗಾಡಿಯ ಕುಲುಕಾಟಕ್ಕೆ ತಲೆ ತಾನಾಗಿಯೇ ನನ್ನ ಭುಜಕ್ಕೆ ವಾಲಿತು.

ಕಡೂರಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಯಜಮಾನರು ಮಂಜನ ಜೊತೆ ಬಂದಿದ್ದರು. ಮಂಜ ಓಡಿ ಬಂದು ಅಕ್ಕನ ಕೈಚೀಲ ಕಿತ್ತುಕೊಂಡ. ಯಜಮಾನರು ಮಾತ್ರ ನಾಲ್ಕು ಮಾರು ದೂರದಲ್ಲೇ ನಿಂತರು. ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ಕಾಯಿಲೆ ಹೋಗಿದ್ದರೂ ಮಕ್ಕಳ ಮುಂದೆ ಟವೆಲ್ ಹಿಡಿಯುವ ಅಭ್ಯಾಸ ಹೋಗಿರಲಿಲ್ಲ. ಅಷ್ಟು ವರ್ಷ ಅವರು ಮಗನನ್ನೂ ಎತ್ತಿಕೊಂಡವರಲ್ಲ.

ಸುಮ ನನ್ನ ಮುಖ ನೋಡಿದಳು. ಅವಳೇ ನಡೆದುಹೋಗಿ ಅವರ ಮುಂದೆ ನಿಂತಳು.

"ಡಾಕ್ಟ್ರು ವಾಸಿಯಾಯ್ತು ಅಂದ್ರಂತಲ್ಲ?"

"ಹೂಂ ಕಣಮ್ಮ, ಅಂದ್ರು" ಎಂದರು ಅವರು, ಟವೆಲಿನ ಹಿಂದಿನಿಂದಲೇ.

"ಮತ್ತೆ ಅದ್ಯಾಕೆ?" ಎಂದು ಅವಳು ಕೈ ಚಾಚಿ ಆ ಟವೆಲನ್ನು ಕೆಳಗಿಳಿಸಿದಳು.

ಅವರು ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕುಸಿದಂತೆ ಕುಳಿತುಬಿಟ್ಟರು. ಸುಮ ಅವರ ಪಕ್ಕದಲ್ಲಿ ಕುಳಿತಳು. ಮಂಜ ಇನ್ನೊಂದು ಪಕ್ಕಕ್ಕೆ ತೂರಿಕೊಂಡ. ನಾವು ಬಂದ ಗಾಡಿ ಸಿಳ್ಳೆ ಹಾಕಿ ಮುಂದಕ್ಕೆ ಹೊರಟುಹೋಯಿತು. ಜನ ಕರಗಿದರು. ಮನೆಗೆ ಹೋಗಿ ದೀಪ ಹಚ್ಚುವ ಹೊತ್ತಾಗಿತ್ತು. ಆದರೂ ಮೂವರನ್ನೂ ಏಳಿಸಲು ನನಗೆ ಮನಸ್ಸು ಬರಲಿಲ್ಲ. ಪಾರ್ವತಕ್ಕ ಮಡಿಲು ತುಂಬಿದ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, ಅವರ ಎದುರಿಗೇ ನೆಲದ ಮೇಲೆ ಕುಳಿತೆ.